ಬಿಲ್ಲು ಯಾರ ಹೆಸರಿಗೆ?



ಒಂದು ಲೆಕ್ಕ ಹೇಳ್ತೇನೆ, ಕೇಳಿ. ಬಾರ್ಕೂರಿನ ನಮ್ಮ ಸಂಘ 500 ಬಟ್ಟೆ ಚೀಲ ಹೊಲಿಯಿತು ಅಂತ ಇಟ್ಟುಕೊಳ್ಳಿ. ಒಂದಕ್ಕೆ 40 ರೂಪಾಯಿ. ಒಟ್ಟು 20,000 ರೂಪಾಯಿ. ಉಡುಪಿಯ ಒಂದು ಕಂಪನಿ ಮಾಲು ಕೊಂಡು ಹೋಯಿತು. ಹಣ ಬರಲಿಲ್ಲ. ಕೇಳಲು ಹೋದರೆ ಯಜಮಾನರು, "ಕಂಪನಿ ಮುಳುಗಿತು, ನಾನೇನು ಮಾಡಲಿ?" ಅಂದರು. ಅವರ ಮನೆ ಇದೆ, ಕಾರು ಇದೆ. "ಇದು ಮೋಸ ಅಲ್ದಾ?" ಅಂತ ನೀವು ಕೇಳ್ತೀರಿ. ಸಿಟ್ಟು ಬರುವುದು ಸಹಜ. ಆದರೆ ಕಾನೂನಿನ ಲೆಕ್ಕ ಬೇರೆ.

ಲಿಮಿಟೆಡ್ ಕಂಪನಿ ಎಂದರೆ ಕಾನೂನಿನ ಕಣ್ಣಿಗೆ ಬೇರೆಯೇ ಒಬ್ಬ ವ್ಯಕ್ತಿ. ಅದಕ್ಕೆ ಕೈಕಾಲಿಲ್ಲ. ಹೆಸರಿದೆ, ಆಸ್ತಿ ಇದೆ, ಸಾಲ ಇದೆ. ಕಂಪನಿಯ ಸಾಲ ಯಜಮಾನರ ಸಾಲ ಅಲ್ಲ. ಲಂಡನ್ನಿನಲ್ಲಿ ಸಾಲೊಮನ್ ಎಂಬ ಬೂಟು ವ್ಯಾಪಾರಿ ಇದ್ದ. ಅವನ ಕಂಪನಿಯಲ್ಲಿ ಷೇರು ಇದ್ದದ್ದು ಅವನಿಗೆ, ಹೆಂಡತಿಗೆ, ಐದು ಮಕ್ಕಳಿಗೆ. ಕಂಪನಿ ಮುಳುಗಿತು. 1897ರಲ್ಲಿ ಅಲ್ಲಿನ ದೊಡ್ಡ ನ್ಯಾಯಾಲಯ, "ಕಂಪನಿ ಬೇರೆ, ಸಾಲೊಮನ್ ಬೇರೆ" ಎಂದಿತು. ಮಾಲು ಕೊಟ್ಟವರ ಬಾಕಿ ಹಾಗೆಯೇ ಉಳಿಯಿತು. ನಮ್ಮ ದೇಶದಲ್ಲೂ ಇದೇ ನಿಯಮ. ಮೋಸಕ್ಕೆಂದೇ ಕಂಪನಿ ಕಟ್ಟಿದ್ದರೆ ಕೋರ್ಟು ಬಿಡುವುದಿಲ್ಲ. ಆದರೆ ಅದನ್ನು ರುಜು ಮಾಡುವುದು ಬಡವರಿಗೆ ಕಷ್ಟ.

ಹಾಗಾದರೆ ಯಜಮಾನರನ್ನು ಹಿಡಿಯುವ ದಾರಿ ಇಲ್ಲವೇ? ಇದೆ. ಜಾಮೀನು. ಬಂಟ್ವಾಳ ಮೂಲದ ವಿಜಯ್ ಮಲ್ಯರ ಕಿಂಗ್‌ಫಿಷರ್ ವಿಮಾನ ಕಂಪನಿ ನೆನಪಿದೆಯಾ? 2012ರ ಅಕ್ಟೋಬರಿನಲ್ಲಿ ವಿಮಾನ ನಿಂತವು. ಕೆಲಸಗಾರರಿಗೆ ತಿಂಗಳುಗಟ್ಟಲೆ ಸಂಬಳ ಇಲ್ಲ. ಆದರೆ ಬ್ಯಾಂಕಿನವರು ಮೊದಲೇ ಮಲ್ಯರಿಂದ ಸ್ವಂತ ಜಾಮೀನು ಬರೆಸಿಕೊಂಡಿದ್ದರು. ಆ ಕಾಗದದ ಬಲದಿಂದ 2017ರ ಜನವರಿಯಲ್ಲಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ, 6,203 ಕೋಟಿ ರೂಪಾಯಿಯನ್ನು ಬಡ್ಡಿ ಸಮೇತ ಅವರಿಂದಲೂ ವಸೂಲು ಮಾಡಬಹುದು ಎಂದಿತು. ಕೆಲಸಗಾರರ ಕೈಯಲ್ಲಿ ಅಂಥ ಕಾಗದ ಎಲ್ಲಿಂದ ಬರಬೇಕು?

ನಮ್ಮ ಚೀಲಕ್ಕೆ ಬರೋಣ. ಮಾಲು ಕೊಡುವ ಮೊದಲು ಆರ್ಡರಿನ ಚೀಟಿ ಓದಿ. ಹೆಸರಿನ ಕೊನೆಗೆ "ಲಿಮಿಟೆಡ್" ಇದೆಯಾ? ಇದ್ದರೆ ಅರ್ಧ ಹಣ ಮುಂಗಡ ಕೇಳಿ. ಇಲ್ಲವೇ, "ಕಂಪನಿ ಕೊಡದಿದ್ದರೆ ನಾನು ಕೊಡುತ್ತೇನೆ" ಎಂದು ಯಜಮಾನರಿಂದ ಬರೆಸಿ, ಸಹಿ ಹಾಕಿಸಿ. ನಾಚಿಕೆ ಬೇಡ, ಬ್ಯಾಂಕಿನವರು ನಾಚಿದರಾ? ಒಬ್ಬರದೇ ಅಂಗಡಿಯಾದರೆ ಸಾಲ ಅವರದೇ. ಪಾಲುದಾರಿಕೆಯಾದರೆ ಪ್ರತಿ ಪಾಲುದಾರನೂ ಪೂರ್ತಿ ಬಾಕಿಗೆ ಹೊಣೆ.

ಮಾಲು ಕೊಟ್ಟ ದಿನ ಸಹಿ ತೆಗೆದುಕೊಳ್ಳಿ. ಚೆಕ್ಕು ವಾಪಸು ಬಂದರೆ ಸುಮ್ಮನೆ ಕೂರಬೇಡಿ. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟೀಸು ಕೊಡಬೇಕು. ನೋಟೀಸು ತಲುಪಿ 15 ದಿನದಲ್ಲಿ ಹಣ ಬಾರದಿದ್ದರೆ ಕೇಸು ಹಾಕಬಹುದು. ಆಗ ಕಂಪನಿಯ ಜೊತೆಗೆ ಸಹಿ ಹಾಕಿದವರೂ ಉತ್ತರ ಹೇಳಬೇಕು.

ಮಾಲು ಕೊಡುವ ಮೊದಲೇ ಸಂಘಕ್ಕೆ "ಉದ್ಯಮ್" ನೋಂದಣಿ ಮಾಡಿಸಿ. 2006ರ ಕಾನೂನಿನಂತೆ ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ಬಡ್ಡಿಯೂ ಸಿಗುತ್ತದೆ.

ವಕೀಲರ ಫೀಸಿನ ಭಯವೇ? ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಉಡುಪಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ.

ಈಗ ಬಿಲ್ಲು ಪುಸ್ತಕ ತಂದವರು ಮುಂದೆ ಬನ್ನಿ. ಮೊದಲ ಹಾಳೆಯಲ್ಲಿ ಯಾರ ಹೆಸರಿದೆ, ನೀವೇ ಓದಿ ಹೇಳಿ.