ಅಮೆರಿಕದವರ ರಾಜಕೀಯ ಪ್ರಜ್ಞೆ



ಯೂರೋಪಿನವರು ಅಮೆರಿಕದವರನ್ನು ಕುರಿತು ಆಡುವ ಮಾತೊಂದು ನಮ್ಮೆಲ್ಲರ ಕಿವಿಗೂ ಬಿದ್ದಿರತಕ್ಕದ್ದೇ: ಅವರಲ್ಲಿ ಹಣವುಂಟು, ಯಂತ್ರಗಳುಂಟು, ರಾಜಕೀಯ ಪ್ರಜ್ಞೆ ಮಾತ್ರ ಇಲ್ಲ, ಭೂಪಟದಲ್ಲಿ ಹಂಗೆರಿ ಎಲ್ಲಿದೆಯೆಂದು ಕೇಳಿದರೆ ತಬ್ಬಿಬ್ಬಾಗುವರು. ಬಹುಮಟ್ಟಿಗೆ ಇಂಗ್ಲಿಷ್ ಗ್ರಂಥಗಳ ಮೂಲಕವೇ ಅಮೆರಿಕವನ್ನು ಅರಿತ ನಾವು ಈ ಮಾತನ್ನು ಪರೀಕ್ಷಿಸದೆಯೇ ಒಪ್ಪಿಬಿಟ್ಟಿದ್ದೇವೆ.

ವಿನೋದವೆಂದರೆ, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಯೂರೋಪಿನವರ ದೂರು ಇದಕ್ಕೆ ತೀರ ವಿರುದ್ಧವಾಗಿದ್ದಿತು. 1832ರಲ್ಲಿ ಅಮೆರಿಕದವರ ನಡೆನುಡಿಗಳ ಮೇಲೆ ಗ್ರಂಥ ಪ್ರಕಟಿಸಿದ ಫ್ರಾನ್ಸೆಸ್ ಟ್ರಾಲಪ್ ಎಂಬ ಆಂಗ್ಲ ಮಹಿಳೆಗೆ, ಅಲ್ಲಿಯ ಚುನಾವಣೆಯ ಹುಚ್ಚು ಸಕಲ ಸಂಭಾಷಣೆಯನ್ನೂ ನುಂಗಿಹಾಕುವುದೆಂದು ಬೇಸರ. 1842ರಲ್ಲಿ ಅಲ್ಲಿ ಸಂಚರಿಸಿದ ಡಿಕನ್ಸನು, ಒಂದು ಚುನಾವಣೆಯ ಕಹಿ ತೀರಿದೊಡನೆಯೇ ಮುಂದಿನದರ ಕಹಿ ಆರಂಭವಾಗುವುದೆಂದು ಪರಿಹಾಸ ಮಾಡಿದನು. 1831ರಲ್ಲಿ ಹೋಗಿ ಸುಮಾರು ಒಂಬತ್ತು ತಿಂಗಳು ಅಲ್ಲಿದ್ದ ಫ್ರಾನ್ಸಿನ ಟಾಕ್ವಿಲನು ಕಂಡಂತೆ, ಅಮೆರಿಕದವನು ಒಬ್ಬನೊಡನೆ ಮಾತನಾಡುವಾಗಲೂ ಸಭೆಯನ್ನು ಉದ್ದೇಶಿಸಿದಂತೆಯೇ ಮಾತನಾಡುವನು. ಕಣ್ಣಿಗೆ ಕಾಣದ ಸಭೆಯೊಂದಿಗೆ ಮಾತನಾಡುತ್ತಿರುವ ನಾವು ಇದಕ್ಕೆ ನಗುವಂತಿಲ್ಲ!

ಟಾಕ್ವಿಲನು ಕಾರಣವನ್ನೂ ಅರಸಿದನು. ಊರಿನ ರಸ್ತೆ, ಶಾಲೆ ಮುಂತಾದುವನ್ನು ಊರವರೇ ಸೇರಿ ನಡೆಯಿಸುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತು. ಈಗಲೂ ಆ ದೇಶದಲ್ಲಿ ಚುನಾಯಿತರಾದವರ ಸ್ಥಾನಗಳು ಸುಮಾರು ಐದು ಲಕ್ಷ. ಶಾಲಾಮಂಡಲಿಯ ಸದಸ್ಯನನ್ನೂ, ಅನೇಕ ಸಂಸ್ಥಾನಗಳಲ್ಲಿ ನ್ಯಾಯಾಧೀಶನನ್ನೂ ಜನರೇ ಆರಿಸುವರು. ಹಂಗೆರಿಯ ಪ್ರಶ್ನೆಯಿಂದ ಈ ಬಗೆಯ ಅರಿವನ್ನು ಅಳೆಯಲಾಗದು.

ಮತ ಹಾಕುವವರು ಕಡಮೆಯೆಂಬ ಆಕ್ಷೇಪಣೆ ಸುಳ್ಳಲ್ಲ. 1924ರಲ್ಲಿ ಅಧ್ಯಕ್ಷನ ಚುನಾವಣೆಗೆ ಬಂದವರು ಅರ್ಹರಲ್ಲಿ ಅರ್ಧದಷ್ಟೂ ಇಲ್ಲ. 2020ರಲ್ಲಿ ನೂರಕ್ಕೆ ಸುಮಾರು 66 ಮಂದಿ. ಆದರೆ ಯೂರೋಪಿನ ಬಹುತೇಕ ದೇಶಗಳಲ್ಲಿ ಮತದಾರರ ಪಟ್ಟಿಯನ್ನು ಸರಕಾರವೇ ಸಿದ್ಧಪಡಿಸುವುದು. ಅಮೆರಿಕದಲ್ಲಿ ಬಹಳ ಕಾಲ ಪೌರನೇ ಹೋಗಿ ಹೆಸರು ಬರೆಯಿಸಬೇಕಾಗಿದ್ದಿತು. ದಕ್ಷಿಣದ ಕಪ್ಪುಜನರಿಗಂತೂ ಆ ಬಾಗಿಲೇ ಮುಚ್ಚಿದ್ದಿತು. 1870ರ ಸಂವಿಧಾನ ತಿದ್ದುಪಡಿ ಅವರಿಗೆ ಮತವಿತ್ತರೂ, ಮಿಸಿಸಿಪಿಯಂತಹ ಸಂಸ್ಥಾನಗಳಲ್ಲಿ ಅಧಿಕಾರಿಯು ಸಂವಿಧಾನದ ವಿಧಿಯೊಂದಕ್ಕೆ ಅರ್ಥ ಹೇಳೆಂದು ಕೇಳುವನು. ಉತ್ತರ ಸರಿಯೋ ತಪ್ಪೋ ಎಂಬುದು ಅವನದೇ ತೀರ್ಮಾನ. ಹೀಗೆ ತಿಳಿವಳಿಕೆಯಿಲ್ಲದವರೆನಿಸಿಕೊಂಡ ಜನರೇ 1965ರ ಮಾರ್ಚಿ 7ರಂದು ಅಲಬಾಮದ ಸೆಲ್ಮಾ ಪಟ್ಟಣದ ಸೇತುವೆಯನ್ನು ದಾಟಿ, ಮತದ ಹಕ್ಕಿಗಾಗಿ ಪೊಲೀಸರ ದೊಣ್ಣೆಯೇಟು ತಿಂದರು. ಅದೇ ವರ್ಷದ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಶಾಸನವು ಜಾರಿಗೆ ಬಂದಿತು.