ಕವಚ, ಚರ್ಮ, ಕಾರಣ: ವಿಡಿಯೊ ಗೇಮ್‌ಗಳಲ್ಲಿ ಸ್ತ್ರೀಪಾತ್ರಗಳ ಉಡುಪು

ವಿಡಿಯೊ ಗೇಮ್‌ಗಳಲ್ಲಿ ಯುದ್ಧಕ್ಕಿಳಿಯುವ ಸ್ತ್ರೀಪಾತ್ರಗಳಿಗೆ ಮೈ ಕಾಣುವ ಉಡುಪು ತೊಡಿಸುವ ರೂಢಿಯ ಕುರಿತ ಚರ್ಚೆ ಬಹುಮಟ್ಟಿಗೆ ಶ್ಲೀಲಾಶ್ಲೀಲದ ವಾದದಲ್ಲೇ ಸಿಲುಕಿಕೊಳ್ಳುತ್ತದೆಯಾದರೂ, ಆ ಉಡುಪು ಪಾತ್ರದ ಕೆಲಸಕ್ಕೆ ಒದಗುತ್ತದೆಯೇ, ಒದಗದಿದ್ದರೆ ನಿರ್ಮಾಪಕರು ಅದಕ್ಕೆ ಎಂಥ ಕಾರಣ ಕಟ್ಟುತ್ತಾರೆ ಎಂಬ ಪ್ರಶ್ನೆ ಹೆಚ್ಚು ಫಲ ಕೊಡುವಂಥದು.

ಹದಿನೈದನೆಯ ಶತಮಾನದ ಯುರೋಪಿನ ಪೂರ್ಣ ಉಕ್ಕಿನ ಕವಚ ಸುಮಾರು 15ರಿಂದ 25 ಕಿಲೋಗ್ರಾಂ ತೂಗುತ್ತಿತ್ತು. ಈಟಿ ಕತ್ತಿಗಳ ಮೊನೆ ಪಕ್ಕಕ್ಕೆ ಜಾರಿಹೋಗಲೆಂದೇ ಕಮ್ಮಾರರು ಎದೆಗವಚದ ಮುಂಭಾಗವನ್ನು ಹೊರಕ್ಕೆ ಉಬ್ಬಿಸುತ್ತಿದ್ದರು. ಆಟಗಳ ಯೋಧೆಯರಿಗೆ ತೊಡಿಸುವ, ಸ್ತನಗಳ ಆಕಾರಕ್ಕೆ ಅಚ್ಚೊತ್ತಿದ ಕವಚವಾದರೋ ಎರಡು ಉಬ್ಬುಗಳ ನಡುವಿನ ತಗ್ಗಿನಲ್ಲಿ ಮೊನೆಯನ್ನು ನೇರವಾಗಿ ಎದೆಮೂಳೆಯತ್ತ ಒಯ್ಯುತ್ತದೆ. ಕವಚದ ಒಳಗೆ ದಪ್ಪ ಮೆತ್ತೆಯಂಗಿಯನ್ನು ತೊಡುತ್ತಿದ್ದುದರಿಂದ ದೇಹಾಕಾರದ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗುತ್ತಿತ್ತು; ಆದ್ದರಿಂದ ಈ ಅಚ್ಚಿಗೆ ಕುಲುಮೆಯ ಕಡೆಯಿಂದ ಸಮರ್ಥನೆ ದೊರೆಯದು.

ಕಥೆಯೊಳಗಿನ ಕಾರಣವನ್ನು ಕಟ್ಟುವ ಪ್ರಯತ್ನಗಳಲ್ಲಿ 2015ರ ‘ಮೆಟಲ್ ಗೇರ್ ಸಾಲಿಡ್ 5: ದಿ ಫ್ಯಾಂಟಮ್ ಪೇನ್’ ಆಟದ ಕ್ವಾಯೆಟ್ ಎಂಬ ಪಾತ್ರ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ಆಕೆ ಸ್ನೈಪರ್, ಅಂದರೆ ದೂರದಲ್ಲಿ ಅಡಗಿ ಗುರಿಯಿಟ್ಟು ಹೊಡೆಯುವ ಬಂದೂಕುಗಾರ್ತಿ. 1984ರ ಅಫ್ಘಾನಿಸ್ತಾನದ ಕಲ್ಲುಗುಡ್ಡಗಳಲ್ಲಿ ಬಿಕಿನಿಯ ಮೇಲುಡುಪು ಮತ್ತು ಹರಿದ ಕಾಲ್ಚೀಲದಲ್ಲೇ ಓಡಾಡುತ್ತಾಳೆ. ನಿರ್ದೇಶಕ ಹಿಡಿಯೊ ಕೊಜಿಮಾ, ಇದರ ಹಿಂದಿನ ಗುಟ್ಟು ತಿಳಿದಾಗ ಟೀಕಾಕಾರರು ತಮ್ಮ ಮಾತಿಗೆ ನಾಚಿಕೊಳ್ಳುವರೆಂಬ ಅರ್ಥದಲ್ಲಿ 2013ರಲ್ಲೇ ಹೇಳಿದ್ದರು. ಆಟ ಬಂದಾಗ ಹೊರಬಿದ್ದ ಗುಟ್ಟೆಂದರೆ, ಸುಟ್ಟ ದೇಹವನ್ನು ಪರಾವಲಂಬಿ ಜೀವಿಗಳು ಉಳಿಸಿರುವುದರಿಂದ ಆಕೆ ಚರ್ಮದ ಮೂಲಕವೇ ಉಸಿರಾಡುತ್ತಾಳೆ, ಮೈ ಮುಚ್ಚಿದರೆ ಉಸಿರುಗಟ್ಟುತ್ತದೆ ಎಂಬುದು. ಆದರೆ ಇದೇ ಸರಣಿಯ 2004ರ ಆಟದಲ್ಲಿ ಬರುವ, ಸಸ್ಯದಂತೆ ಸೂರ್ಯನ ಬೆಳಕನ್ನುಂಡು ಬದುಕುವ ‘ದಿ ಎಂಡ್’ ಎಂಬ ವೃದ್ಧ ಸ್ನೈಪರ್ ಮೈತುಂಬ ಬಟ್ಟೆ ತೊಟ್ಟೇ ಕಾಡಿನಲ್ಲಿ ಅಡಗಿರುತ್ತಾನೆ. ಮೇಲಾಗಿ ಕ್ವಾಯೆಟ್‌ಗೇ ಮುಂದೆ ದೊರೆಯುವ ಬದಲಿ ಉಡುಪುಗಳಲ್ಲಿ ಮೈ ಮುಚ್ಚುವ ಸಮವಸ್ತ್ರವೂ ಇದ್ದು, ಅದನ್ನು ತೊಟ್ಟ ಮೇಲೂ ಆಕೆಯ ಉಸಿರಿಗೆ ಯಾವ ತೊಂದರೆಯೂ ಆಗುವುದಿಲ್ಲ. ಕಾರಣಕ್ಕಾಗಿ ಉಡುಪು ಹುಟ್ಟಿದ್ದಲ್ಲ, ಉಡುಪಿಗಾಗಿ ಕಾರಣ ಹುಟ್ಟಿತೆಂಬ ಅನುಮಾನವನ್ನು ಇದಾದ ಮೇಲೆ ತಳ್ಳಿಹಾಕುವುದು ಕಷ್ಟ.

2009ರ ‘ಬಯೊನೆಟಾ’ ಇದಕ್ಕೆ ಪ್ರತಿಯಾಗಿ ನಿಲ್ಲುತ್ತದೆ. ಅದರ ನಾಯಕಿಯಾದ ಮಾಟಗಾತಿಯ ಉಡುಪು ಆಕೆಯ ಕೂದಲಿನಿಂದಲೇ ಆದದ್ದು. ಅದೇ ಕೂದಲಿನಿಂದ ದೈತ್ಯರನ್ನು ಕರೆಯುವಾಗ ಮೈ ತೆರೆದುಕೊಳ್ಳುತ್ತದೆ, ಕರೆ ಮುಗಿದೊಡನೆ ಮುಚ್ಚಿಕೊಳ್ಳುತ್ತದೆ. ನಿಯಮವು ಕಥೆಯ ಮೂಲೆಯಲ್ಲಿ ಅವಿತಿರದೆ ಆಟಗಾರನ ಕೈಯ ಗುಂಡಿಯಲ್ಲೇ ಇರುವುದರಿಂದ ಈ ಲೋಕ ತನ್ನ ಮಾತಿಗೆ ತಪ್ಪುವುದಿಲ್ಲ. ಕ್ಯಾಮೆರಾ ಆ ದೇಹವನ್ನು ಸವರುತ್ತ ಸಾಗುವ ಬಗೆಯ ಮೇಲಿನ ಆಕ್ಷೇಪ ಮಾತ್ರ ಉಳಿದೇ ಇರುತ್ತದೆ. ‘ಗಾಡ್ ಆಫ್ ವಾರ್’ ಆಟದ ಕ್ರೇಟೋಸ್ ಹಿಮದಲ್ಲೂ ಅರೆಬೆತ್ತಲೆ ಮೈಯಲ್ಲಿರುವುದನ್ನು ಉದಾಹರಿಸಿ ಗಂಡಿಗೂ ಇದೇ ಕಥೆ ಎನ್ನುವವರು ಈ ಕ್ಯಾಮೆರಾದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಂಗ್ಲೆಂಡಿನ ಡರ್ಬಿ ನಗರದಲ್ಲಿ ರೂಪುಗೊಂಡು 1996ರಲ್ಲಿ ತೆರೆಗೆ ಬಂದ ‘ಟೂಂಬ್ ರೈಡರ್’ನ ಲಾರಾ ಕ್ರಾಫ್ಟ್, ಮಂಡಿ ತರಚುವ ಕಲ್ಲಿನ ಸಮಾಧಿಗಳಲ್ಲಿ ಗಿಡ್ಡ ಚಡ್ಡಿ ತೊಟ್ಟು ಹತ್ತಿಳಿಯುತ್ತಿದ್ದವಳು, 2013ರ ಹೊಸ ಆವೃತ್ತಿಯಲ್ಲಿ ಉದ್ದ ಪ್ಯಾಂಟಿಗೂ, ಸೈಬೀರಿಯಾದ ಹಿಮದಲ್ಲಿ ನಡೆಯುವ 2015ರ ಕಂತಿನಲ್ಲಿ ದಪ್ಪ ಕೋಟಿಗೂ ಬದಲಾದಳು. ಪಕ್ಕೆಗೆ ಕಬ್ಬಿಣದ ಸರಳು ಚುಚ್ಚಿದ ಮೇಲೂ ಬಂಡೆ ಹತ್ತಬಲ್ಲವಳಿಗೆ ಪ್ಯಾಂಟಿನಿಂದ ಎಷ್ಟು ವಾಸ್ತವಿಕತೆ ಬಂದೀತೆಂದು ಕೇಳಬಹುದಾದರೂ, ಗಾಯವನ್ನೂ ಚಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಲೋಕಕ್ಕೆ ಆ ಬದಲಾವಣೆ ಸಲ್ಲುತ್ತದೆ.

ಉಪಯುಕ್ತತೆಯ ಅಳತೆಗೋಲು ಎಲ್ಲವನ್ನೂ ಅಳೆಯದೆಂಬುದಕ್ಕೆ 1986ರ ‘ಮೆಟ್ರಾಯ್ಡ್’ ಸಾಕ್ಷಿ: ಅದರ ನಾಯಕಿ ಸಾಮಸ್ ಅರಾನ್ ಅಡಿಯಿಂದ ಮುಡಿಯವರೆಗೆ ಕವಚಧಾರಿಯಾಗಿದ್ದು, ಕವಚದೊಳಗಿರುವುದು ಹೆಣ್ಣೆಂಬುದೇ ಕೊನೆಯವರೆಗೆ ಗುಟ್ಟಾಗಿರುತ್ತದೆ, ಆದರೆ ಒಂದು ಗಂಟೆಯೊಳಗೆ ಆಟ ಮುಗಿಸಿದವರಿಗೆ ಆಕೆಯನ್ನು ಬಿಕಿನಿಯಲ್ಲಿ ತೋರಿಸುವುದೇ ಬಹುಮಾನವಾಗಿತ್ತು.