ಕೀಲುವಾತದಲ್ಲಿ ರಕ್ತಪರೀಕ್ಷೆ: ದಂಪತಿಗಳು ಅರಿಯತಕ್ಕ ಸಂಗತಿಗಳು



ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳ ಗೃಹಿಣಿಯ ಕೈಗಳಿಗೆ ಬಿಡುವೆಂಬುದಿಲ್ಲ. ಮುಂಜಾನೆ ಜೋಳದ ರೊಟ್ಟಿ ಬಡಿಯಬೇಕು. ಹಗಲಿನಲ್ಲಿ ಹತ್ತಿ ಬಿಡಿಸಬೇಕು, ಭತ್ತದ ನಾಟಿಗೆ ಹೋಗಬೇಕು. ಆದುದರಿಂದ ಕೈನೋವನ್ನು ದುಡಿಮೆಯ ಫಲವೆಂದು ಅಲಕ್ಷಿಸುವುದು ಸಾಮಾನ್ಯ. ಆದರೆ ಬೆರಳು ಮತ್ತು ಮಣಿಕಟ್ಟಿನ ಕೀಲುಗಳು ಊದಿಕೊಂಡು, ಬೆಳಗಿನಲ್ಲಿ ಬಹಳ ಹೊತ್ತು ಬಿಗಿದಿದ್ದು, ಆರು ವಾರವಾದರೂ ಗುಣವಾಗದಿದ್ದರೆ ಅದು ರುಮಟಾಯ್ಡ್ ಸಂಧಿವಾತವಾಗಿರಬಹುದು. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವ ಈ ರೋಗವು ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಇದಕ್ಕಾಗಿ ಮಾಡುವ ರಕ್ತಪರೀಕ್ಷೆಗಳು ಎರಡು ಬಗೆಯವು. ಮೊದಲನೆಯವು ರೋಗವನ್ನು ಗುರುತಿಸಲು ನೆರವಾಗುವ ಆರ್.ಎ. ಫ್ಯಾಕ್ಟರ್ ಮತ್ತು ಆಂಟಿ ಸಿ.ಸಿ.ಪಿ. ಪರೀಕ್ಷೆಗಳು. ಆರ್.ಎ. ಫ್ಯಾಕ್ಟರನ್ನು ಕುರಿತು ನಾರ್ವೆ ದೇಶದ ಎರಿಕ್ ವಾಲರ್ ಅವರು 1940ರಲ್ಲಿ ವರದಿ ಮಾಡಿದರು. ಇದು ಕ್ಷಯ, ಕುಷ್ಠ ರೋಗಿಗಳಲ್ಲಿಯೂ, ಕೆಲವು ಆರೋಗ್ಯವಂತರಲ್ಲಿಯೂ ಕಂಡುಬರುವುದುಂಟು. ರೋಗ ತಗ್ಗಿದ ಮೇಲೂ ಉಳಿಯಬಹುದಾದುದರಿಂದ ಇದನ್ನು ಮೇಲಿಂದ ಮೇಲೆ ಮಾಡಿಸಿ ಹಣ ವ್ಯಯಿಸಬೇಕಾಗಿಲ್ಲ.

ಎರಡನೆಯವು ರೋಗದ ಉರಿ ಈಗ ಎಷ್ಟಿದೆಯೆಂದು ಅಳೆಯುವ ಇ.ಎಸ್.ಆರ್. ಮತ್ತು ಸಿ.ಆರ್.ಪಿ. ರಕ್ತವನ್ನು ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿದಾಗ ಕೆಂಪುಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರು ಕೆಳಗಿಳಿದವೆಂಬುದೇ ಇ.ಎಸ್.ಆರ್. ಉರಿಯೂತವಿದ್ದರೆ ಕಣಗಳು ಒಂದಕ್ಕೊಂದು ಅಂಟಿ ಬೇಗನೆ ಇಳಿಯುತ್ತವೆ. ಆದರೆ ರಕ್ತಹೀನತೆ, ಬಸಿರು, ವೃದ್ಧಾಪ್ಯಗಳಲ್ಲಿಯೂ ಈ ಅಂಕಿ ಏರುತ್ತದೆ. ಸಿ.ಆರ್.ಪಿ. ಎಂಬುದು ಯಕೃತ್ತಿನಲ್ಲಿ ಉತ್ಪತ್ತಿಯಾಗುವ ಒಂದು ಪ್ರೋಟೀನು. ಉರಿಯೂತ ಎದ್ದ ಕೆಲವೇ ಗಂಟೆಗಳಲ್ಲಿ ಇದು ಏರಿ, ತಗ್ಗಿದ ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಸೋಂಕಿನಲ್ಲಿಯೂ ಏರುತ್ತದೆ.

ಒಮ್ಮೆ ರೈತ ದಂಪತಿಗಳು ನನ್ನಲ್ಲಿಗೆ ಬಂದಿದ್ದರು. ಆರು ತಿಂಗಳು ಔಷಧ ಸೇವಿಸಿದರೂ ಇ.ಎಸ್.ಆರ್. ಇಳಿಯಲಿಲ್ಲವೆಂದು ಬೇಸತ್ತು, ಔಷಧವನ್ನೇ ಬಿಡಲು ಅವರು ನಿಶ್ಚಯಿಸಿದ್ದರು. ಆ ತಾಯಿಯ ಕೀಲುಗಳಲ್ಲಿ ಊತವಿರಲಿಲ್ಲ, ಸಿ.ಆರ್.ಪಿ. ಸರಿಯಾಗಿಯೇ ಇತ್ತು. ಹಿಮೋಗ್ಲೋಬಿನ್ ಮಾತ್ರ 8 ಗ್ರಾಂಗೆ ಇಳಿದಿತ್ತು. ಔಷಧ ಸೋತಿರಲಿಲ್ಲ, ಅಂಕಿ ಏರಲು ರಕ್ತಹೀನತೆಯೇ ಕಾರಣವಾಗಿತ್ತು.

ಇದಕ್ಕೆ ವಿರುದ್ಧವಾಗಿ, ಅಂಕಿಗಳು ಸರಿಯಿದ್ದರೂ ಕೆಲವರಲ್ಲಿ ಕೀಲುಗಳು ಸವೆಯುತ್ತಿರುತ್ತವೆ. ಆದುದರಿಂದಲೇ ವೈದ್ಯರು 28 ಕೀಲುಗಳನ್ನು ಒತ್ತಿ ನೋಡಿ, ನೋವು ಊತಗಳನ್ನು ಎಣಿಸಿ, ರೋಗಿಯ ಅನುಭವವನ್ನೂ ರಕ್ತದ ಅಂಕಿಯನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಮೊತ್ತವು 2.6ಕ್ಕಿಂತ ಕಡಿಮೆಯಿದ್ದರೆ ರೋಗ ಶಾಂತವಾಗಿದೆಯೆಂದೂ, 5.1ಕ್ಕಿಂತ ಹೆಚ್ಚಿದ್ದರೆ ಉಗ್ರವಾಗಿದೆಯೆಂದೂ ಅರ್ಥ.

ಮಗುವನ್ನು ಬಯಸುವ ದಂಪತಿಗಳಿಗೆ ಈ ಲೆಕ್ಕ ಅತಿ ಮುಖ್ಯ. ರೋಗ ಉಗ್ರವಾಗಿರುವಾಗ ಬಸಿರು ನಿಂತರೆ ಅಕಾಲ ಹೆರಿಗೆ ಮತ್ತು ಕಡಿಮೆ ತೂಕದ ಶಿಶುವಿನ ಭಯ ಹೆಚ್ಚು. ಈ ರೋಗಕ್ಕೆ ಸಾಮಾನ್ಯವಾಗಿ ಕೊಡುವ ಮೆಥೋಟ್ರೆಕ್ಸೇಟ್ ಗುಳಿಗೆಯು ಗರ್ಭಕ್ಕೆ ಹಾನಿಕರ. ಇದನ್ನು ವಾರಕ್ಕೊಮ್ಮೆ ಮಾತ್ರ ಸೇವಿಸತಕ್ಕದ್ದು. ದಿನವೂ ನುಂಗಿದರೆ ಪ್ರಾಣಾಪಾಯವುಂಟು. ಸೇವಿಸುವಷ್ಟು ಕಾಲ ವಂಕಿ, ನಿರೋಧ್ ಮುಂತಾದ ಯಾವುದಾದರೊಂದು ವಿಧಾನವನ್ನು ತಪ್ಪದೆ ಅನುಸರಿಸಬೇಕು. ಮಗು ಬೇಕೆನಿಸಿದಾಗ ಮೊದಲೇ ವೈದ್ಯರಿಗೆ ತಿಳಿಸಿದರೆ, ಅವರು ಇದನ್ನು ಕೆಲವು ತಿಂಗಳು ಮುಂಚೆಯೇ ನಿಲ್ಲಿಸಿ, ಗರ್ಭಕ್ಕೆ ಬಾಧಕವಲ್ಲದ ಔಷಧ ಕೊಟ್ಟು, ರೋಗ ಶಾಂತವಾಗಿಯೇ ಉಳಿದಿದೆಯೆಂದು ಪರೀಕ್ಷಿಸುತ್ತಾರೆ. ಈ ಗುಳಿಗೆ ಸೇವಿಸುವಾಗ ಮುಟ್ಟು ತಪ್ಪಿದರೆ ಮುಂದಿನ ಗುಳಿಗೆ ನುಂಗದೆ ಕೂಡಲೇ ವೈದ್ಯರನ್ನು ಕಾಣಬೇಕು.

ಗೃಹಸ್ಥರಲ್ಲಿ ಒಂದು ಮಾತು. ಪತ್ನಿಯ ಜೊತೆ ತಾವೂ ಆಸ್ಪತ್ರೆಗೆ ಬನ್ನಿರಿ. ಹಳೆಯ ವರದಿಗಳನ್ನೆಲ್ಲ ತನ್ನಿರಿ. ನೀರಿನ ಕೊಡವನ್ನು ಕೆಲವು ದಿನ ತಾವೇ ಹೊರಿರಿ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಗತ್ಯವಾದರೆ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿರಿ. ಒಂದೇ ಚೀಟಿಯ ಅಂಕಿ ನೋಡಿ ಔಷಧ ಬಿಡಬೇಡಿರಿ. ಕೀಲು ಒಮ್ಮೆ ಸೊಟ್ಟಗಾದರೆ ಔಷಧದಿಂದ ಅದು ಮತ್ತೆ ನೆಟ್ಟಗಾಗದು. ಸೊಟ್ಟಗಾಗದಂತೆ ಕಾಯುವುದು ನಮ್ಮೆಲ್ಲರಿಂದ ಸಾಧ್ಯ.